ಹೊಸ ಪಿಸ್ಟನ್ನಿಗೆ ಮೂವರ ಆಯಿಲ್

ಗೆಳೆಯರೇ, ಇವತ್ತು ಬೆಳಿಗ್ಗೆ ಬೋಗಾದಿಯ ನಮ್ಮ ಬೀದಿಯನ್ನು ಹೊಗೆಯಲ್ಲಿ ಮುಳುಗಿಸಿದವನು ನಾನೇ. ಅಪ್ಪನ ಹಳೇ ಟೂ ಸ್ಟ್ರೋಕ್ ಸ್ಕೂಟರಿಗೆ ನಿನ್ನೆಯಷ್ಟೇ ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದೆ. ಇಪ್ಪತ್ತು ಸಲ ಒದ್ದ ಮೇಲೆ ಸ್ಟಾರ್ಟ್ ಆಯಿತು, ಎದುರು ಮನೆ ಕಾಣದಷ್ಟು ಹೊಗೆ ಉಗುಳಿ ನಿಂತುಹೋಯಿತು.

ಮೆಕ್ಯಾನಿಕ್ ಶಫಿ ಬಂದು ಪ್ಲಗ್ ಬಿಚ್ಚಿದರು. ಕಾಡಿಗೆಯಲ್ಲಿ ಅದ್ದಿ ತೆಗೆದ ಹಾಗಿತ್ತು.

"ಪೆಟ್ರೋಲಿಗೆ ಆಯಿಲ್ ಹಾಕಿದ್ರಾ ಸಾರ್?"

"ಹೊಸ ಪಿಸ್ಟನ್ ಅಲ್ವಾ, ಪಾಪ ಅಂತ ಒಂದು ಪ್ಯಾಕೆಟ್ ಜಾಸ್ತೀನೇ ಹಾಕ್ದೆ."

"ಗಾಡಿ ಕೊಡೋವಾಗ್ಲೇ ನಾನು ಹಾಕಿದ್ದೆ ಕಣ್ರೀ!"

ಜಗಲಿಯಲ್ಲಿದ್ದ ಅಪ್ಪ ಪೇಪರಿನಿಂದ ತಲೆಯೆತ್ತದೆ, "ಹಾಗಾದ್ರೆ ರಾತ್ರಿ ನಾನು ಹಾಕಿದ್ದು?" ಅಂದರು.

ಶಫಿ ಟ್ಯಾಂಕ್ ಖಾಲಿ ಮಾಡತೊಡಗಿದರು. ಅಷ್ಟರಲ್ಲಿ ಎದುರು ಮನೆಯ ಪದ್ಮಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. ನಾನು ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ.

"ಮನೇಲಿ ಒಂದು ಸೊಳ್ಳೆ ಇಲ್ಲ ಕಣಪ್ಪ! ನಮ್ಮ ಮೋರಿ ಕಡೆ ತಿರುಗಿಸಿ ಇನ್ನೊಂದ್ಸಲ ಸ್ಟಾರ್ಟ್ ಮಾಡ್ಬುಡು."

ಸಂಜೆಯ ಹೊತ್ತಿಗೆ ಸ್ಕೂಟರ್ ಒಂದಿಷ್ಟೂ ಕೆಮ್ಮದೆ, ಹೊಗೆ ಉಗುಳದೆ ಬೀದಿ ಸುತ್ತಿ ಬಂತು. ರಿಪೇರಿ ಸರಿಯಾಗಿ ಆಗಿಲ್ಲ ಎಂದು ಪದ್ಮಮ್ಮ ಈಗಲೂ ಗೇಟಿನಲ್ಲಿ ನಿಂತು ವಾದಿಸುತ್ತಿದ್ದಾರೆ.