ಮೇಡಂ ಹೊತ್ತುಕೊಂಡ ಲೆಕ್ಕ

ಟೇಪನ್ನು ಯಂತ್ರಕ್ಕೆ ಹಾಕುವ ಮೊದಲು ಮೇಡಂ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು, ಹಣೆಯ ವಿಭೂತಿ ಗೆರೆ ಮೇಲಕ್ಕೇರುತ್ತಿತ್ತು. ಒಳಗೆ ಏನಾದರೂ ಲೊಟಕ್ಕೆಂದರೆ, "ಇದು ಎಲ್ಲೋ ಬಿದ್ದೈತೆ, ಬ್ಯಾಡ" ಎಂದು ಪಕ್ಕಕ್ಕಿಡುತ್ತಿದ್ದರು.

ದಾವಣಗೆರೆಯ ಆಸ್ಪತ್ರೆಯೊಂದರ ಕಂಪ್ಯೂಟರ್ ಕೋಣೆಗೆ ಅವರು ಮುಖ್ಯಸ್ಥೆ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವರು. ರೋಗಿಗಳ ಸ್ಕ್ಯಾನುಗಳನ್ನು ಟೇಪಿಗೆ ಇಳಿಸಿ ವರ್ಷಗಟ್ಟಲೆ ಕಾಪಾಡುವುದು ನಮ್ಮ ಕೆಲಸ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಹಾಡಿನ ಕ್ಯಾಸೆಟ್ಟಿನ ಹಾಗೆ ಸುತ್ತಿದ ಪಟ್ಟಿ, ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಮೂರನೇ ತಿಂಗಳು, ಮಗಳ ಬಾಣಂತನಕ್ಕೆಂದು ಮೇಡಂ ರಜೆ ಹಾಕಿದ್ದರು. ಹಳೇ ಸರ್ವರಿನಲ್ಲಿದ್ದ ಅರವತ್ತು ಟೆರಾಬೈಟ್ ಸ್ಕ್ಯಾನುಗಳನ್ನು ಟೇಪಿಗೆ ಇಳಿಸಿ ಸರ್ವರನ್ನು ಅಳಿಸಬೇಕಿತ್ತು. ಟೇಪಿನ ಮೇಲೆ, ಅದು ಎಷ್ಟು ಟೆರಾಬೈಟ್ ಹಿಡಿಯುತ್ತದೆಂದು ಎರಡು ಅಂಕಿಗಳಿದ್ದವು: ಆರು, ಹದಿನೈದು. ನಾನು ಹದಿನೈದನ್ನು ಹಿಡಿದು, ನಾಲ್ಕು ಟೇಪು ಸಾಕೆಂದು ಡೈರೆಕ್ಟರಿಗೆ ಬರೆದುಕೊಟ್ಟೆ. ಟೇಪು ಬಂದವು. ನಾಲ್ಕನೆಯದೂ ತುಂಬಿದಾಗ ಅರ್ಧ ಕೆಲಸವೂ ಆಗಿರಲಿಲ್ಲ.

ಅವತ್ತೇ ಮೇಡಂ ರಜೆ ಮುಗಿಸಿ ಬಂದರು. ನನ್ನ ಲೆಕ್ಕದ ಚೀಟಿ ನೋಡಿ ಬೈಯಲಿಲ್ಲ.

"ಮಂಡಕ್ಕಿ ಚೀಲ ಒತ್ತಿದ್ರೆ ಇನ್ನಷ್ಟು ಹಿಡಿತೈತೆ. ಮೆಕ್ಕೆಜೋಳದ ಚೀಲ ಒತ್ತಿ ನೋಡು! ಸ್ಕ್ಯಾನು ಮೊದ್ಲೇ ಒತ್ತಿ ಇಟ್ಟಿದ್ದು, ಇನ್ನೆಲ್ಲಿ ಕುಗ್ತೈತೆ? ಆ ಹದಿನೈದು ಕುಗ್ಗೋ ಮಾಲಿಗೆ. ನಮಗೆ ಆರೇ ಲೆಕ್ಕ. ಹತ್ತು ಬೇಕು, ಒಂದು ಹೆಚ್ಚಿಗೆ ಇರ್ಲಿ."

ಮರುದಿನವೇ ಸರ್ವರ್ ಅಳಿಸುವುದೆಂದು ತೀರ್ಮಾನವಾಗಿತ್ತು. ಮೇಡಂ ನನ್ನನ್ನೂ ಕರೆದುಕೊಂಡು ಡೈರೆಕ್ಟರ ಕೋಣೆಗೆ ಹೋದರು.

"ಸರ್ವರ್ ಮುಟ್ಟಬ್ಯಾಡ್ರಿ ಸರ್. ಲೆಕ್ಕ ತಪ್ಪೈತೆ. ನಾಲ್ಕು ಸಾಕಂತ ಫೋನಿನಾಗ ಇವಳಿಗೆ ನಾನೇ ಹೇಳಿದ್ದು."

ಡೈರೆಕ್ಟರು ನನ್ನೆದುರಿಗೇ ಅವರನ್ನು ಗದರಿದರು. ಹೊರಗೆ ಬಂದ ಮೇಲೆ ಅಳುತ್ತಲೇ "ಯಾಕ ಹಂಗಂದ್ರಿ?" ಎಂದು ಕೇಳಿದೆ.

"ನೀ ಈಗ ಬಂದಾಕಿ. ಇವತ್ತು ನಿನ್ನ ಮಾತಿಗೆ ಬೆಲೆ ಹೋದ್ರೆ, ನಾಳೆ ನೀ ಸರಿ ಹೇಳಿದ್ರೂ ಯಾರೂ ಕೇಳಂಗಿಲ್ಲ. ಮುಖ ತೊಳ್ಕೊಂಡು ಬಾ, ಚಾ ಕುಡಿಯಾಣ."

ಉಳಿದ ಟೇಪು ಬಂದವು, ಎಲ್ಲ ಸ್ಕ್ಯಾನುಗಳೂ ಉಳಿದವು. ಮಳೆಗಾಲದಲ್ಲಿ ಕೊಕ್ಕನೂರಿನ ಹೆಣ್ಣುಮಗಳೊಬ್ಬಳು ಎದೆಯಲ್ಲಿ ಗಂಟೆಂದು ಹೆದರಿ ಬಂದಳು. ಅವಳ ಹಳೇ ಸ್ಕ್ಯಾನ್ ಏಳನೇ ಟೇಪಿನಲ್ಲಿ ಸಿಕ್ಕಿತು. ಐದು ವರ್ಷದಿಂದ ಗಂಟು ಬೆಳೆದೇ ಇಲ್ಲವೆಂದು ಡಾಕ್ಟರು ಆಪರೇಷನ್ ಕೈಬಿಟ್ಟರು. ನಾನು ಆ ಸುದ್ದಿ ತಂದಾಗ ಮೇಡಂ ನನ್ನ ಭುಜ ತಟ್ಟಿದರು, ಅಷ್ಟೇ.

ನಿಜ ಹೇಳಬೇಕೆಂದು ನೂರು ಸಲ ಅಂದುಕೊಂಡೆ. ಹೇಳಲಿಲ್ಲ. ಹೋದ ವರ್ಷ, ನಿವೃತ್ತಿಗೆ ಇನ್ನು ಸ್ವಲ್ಪ ದಿನವಿರುವಾಗ, ಮೇಡಂ ಹೃದಯಾಘಾತದಿಂದ ತೀರಿಕೊಂಡರು.

ಆಸ್ಪತ್ರೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಡೈರೆಕ್ಟರು ಪ್ರೀತಿಯಿಂದಲೇ ಮಾತಾಡಿದರು. "ಇಷ್ಟು ವರ್ಷದಲ್ಲಿ ಅವರು ಲೆಕ್ಕ ತಪ್ಪಿದ್ದು ಒಂದೇ ಸಲ" ಎಂದರು.

ನಾನು ಎದ್ದು ನಿಂತೆ.

"ಸರ್, ಅದು ನನ್ನ ತಪ್ಪು. ಮೇಡಂ ನನಗೆ ಫೋನ್ ಮಾಡಿರ್ಲೇ ಇಲ್ಲ."

ಮುಂದಿನ ಸಾಲಿನಲ್ಲಿದ್ದ ಮೇಡಂ ಮಗಳು ಹಿಂತಿರುಗಿ ನನ್ನನ್ನೇ ನೋಡಿದಳು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಇಲ್ಲಿ ಬಂದು ಕೂಡ್ರಿ ಅಕ್ಕಾ" ಎಂದಳು.