ಹಿಮದಲ್ಲಿ ಕಳೆದ ಲಿಂಗ, ಗುಲ್ನಾರಮ್ಮನ ಮನೆಯ ರೊಟ್ಟಿ

ಹೋದ ಸಂಕ್ರಾಂತಿ ಕಳೆದ ವಾರದಲ್ಲಿ, ಕಂಡು ಕೇಳದ ದೇಶದ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ನನ್ನ ಎದೆಯ ಮೇಲೆ ಲಿಂಗವಿಲ್ಲ ಎಂಬುದು ನನಗೆ ಗೊತ್ತಾಯಿತು.

ಅದೆಂಥ ಸಂಕಟವೆಂದು ಈ ಪತ್ರಿಕೆ ಓದುವ ಶರಣ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಮ್ಮ ಮನೆಗಳ ಮಕ್ಕಳು ಓದಿದರೆ ತಿಳಿಯಲಿ ಅಂತ ಬರೆಯುತ್ತೇನೆ. ನಾನು ತೊಟ್ಟಿಲಲ್ಲಿದ್ದಾಗ ಗುರುಗಳು ಕಟ್ಟಿದ ಲಿಂಗ ಅದು. ಜ್ವರದಲ್ಲಿ, ಹೆರಿಗೆಯಲ್ಲಿ, ಆಪರೇಷನ್ನಿನಲ್ಲಿ ಕೂಡ ನನ್ನ ಮೈ ಬಿಟ್ಟಿರಲಿಲ್ಲ. ಮಣ್ಣಿಗೆ ಹೋಗುವಾಗಲೂ ಜೊತೆಗೆ ಬರಬೇಕಾದದ್ದು. ಅದು ಮೈಮೇಲಿಲ್ಲದೆ ತೊಟ್ಟು ನೀರನ್ನೂ ಗಂಟಲಿಗೆ ಇಳಿಸಬಾರದು ಎಂದು ನಮ್ಮವ್ವ ಕಲಿಸಿದ್ದಳು. ಹಾಗೇ ನಡೆದುಕೊಂಡು ಬಂದಿದ್ದೇನೆ.

ಅಲ್ಲಿಗೆ ನಾವು ಹೋದದ್ದು ಯಾತ್ರೆಗಲ್ಲ, ಆಟಕ್ಕೆ. ನಾನು ಗೌರಮ್ಮ, ಕಡೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು ಐವತ್ತರ ಹತ್ತಿರ. ಮೆಷಿನ್ ತುಳಿದು ತುಳಿದು ಮಂಡಿ ಹಿಡಿದುಕೊಂಡಾಗ ಡಾಕ್ಟರು, "ಏನಾದ್ರೂ ಆಟ ಆಡಮ್ಮ" ಅಂದರು. ಹಾಗಾಗಿ ಭಾನುವಾರ ಬೆಳಿಗ್ಗೆ ಸ್ಕೂಲ್ ಮೈದಾನದಲ್ಲಿ ಥ್ರೋಬಾಲ್ ಆಡುವ ಹೆಂಗಸರ ಜೊತೆ ಸೇರಿಕೊಂಡೆ. ನಮ್ಮ ಕ್ಯಾಪ್ಟನ್ ತರೀಕೆರೆಯ ಗಿರಿಜಕ್ಕ, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ರಿಟೈರಾದವರು. ಮೊದಲ ಬಸ್ಸಿಗೆ ಬಂದು ಸೀಟಿ ಊದಿ, ಮೊಮ್ಮಕ್ಕಳಿರುವ ನಮ್ಮನ್ನು ಎಂಟನೇ ಕ್ಲಾಸಿನ ಹುಡುಗಿಯರ ಹಾಗೆ ಓಡಿಸುತ್ತಾರೆ. ಇನ್ನೊಬ್ಬಳು ಶಬಾನಾ, ಅಜ್ಜಂಪುರದ ನರ್ಸಿಂಗ್ ಹೋಮಿನಲ್ಲಿ ನರ್ಸು. ರೈಲಿಗೆ ಬರುತ್ತಾಳೆ. ಅವಳು ಎಸೆದ ಚೆಂಡು ಹಿಡಿಯುವುದೆಂದರೆ ಒಲೆ ಮೇಲಿನ ಪಾತ್ರೆಯನ್ನು ಬರಿಗೈಲಿ ಹಿಡಿದ ಹಾಗೆ.

ಹಿಂದೆ ಬೆಂಗಳೂರಲ್ಲಿ ವಯಸ್ಸಾದ ಆಟಗಾರರ ಕೂಟವೊಂದರಲ್ಲಿ ಗಿರಿಜಕ್ಕನಿಗೆ ಕಜಾಕಿಸ್ತಾನದ ಗುಲ್ನಾರ ಎನ್ನುವವರ ಸ್ನೇಹವಾಗಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ದಿನಾ ಬೆಳಗಾದರೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸಿಕೊಳ್ಳುತ್ತಿದ್ದರು. ಆ ಸ್ನೇಹವೇ ಬೆಳೆದು, "ನಿಮ್ಮ ಟೀಮ್ ಕರ್ಕೊಂಡು ಅಲ್ಮಾಟಿಗೆ ಬನ್ನಿ" ಎಂಬ ಕರೆ ಬಂತು. ಜನವರಿಯಲ್ಲಿ ಅಲ್ಲಿ ಚಳಿ ಜಾಸ್ತಿ ಅಂತ ಯಾರೋ ಹೇಳಿದ್ದಕ್ಕೆ ಗಿರಿಜಕ್ಕ, "ನಮ್ಮ ಬಾಬಾಬುಡನ್‌ಗಿರಿ ಚಳಿ ನೋಡಿಲ್ವೇನ್ರೇ? ಒಂದೊಂದು ಸ್ವೆಟರ್ ಇಟ್ಕೊಳ್ಳಿ ಸಾಕು" ಎಂದು ತೀರ್ಮಾನ ಕೊಟ್ಟರು.

ದೆಹಲಿ ವಿಮಾನ ನಿಲ್ದಾಣದಲ್ಲೇ ನಮ್ಮ ಫಜೀತಿ ಶುರುವಾಯಿತು. ಅಲ್ಲಿಯವರಿಗೆ ಕೊಡೋಣವೆಂದು ಚೀಲದ ತುಂಬ ಒಳ್ಳೆ ಕೊಬ್ಬರಿ ಗಿಟುಕು ಒಯ್ದಿದ್ದೆವು. ಕೊಬ್ಬರಿಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ, ವಿಮಾನಕ್ಕೆ ಬಿಡುವುದಿಲ್ಲ ಅಂತ ಎಲ್ಲ ತೆಗೆಸಿಟ್ಟರು. ಆಮೇಲೆ ನನ್ನ ಸರದಿ. ಲಿಂಗವಿದ್ದ ಬೆಳ್ಳಿ ಕರಡಿಗೆಗೆ ಯಂತ್ರ ಕೀ ಕೀ ಅಂತ ಕೂಗಿಕೊಂಡಿತು. ಸೆಕ್ಯೂರಿಟಿಯ ಹೆಣ್ಣುಮಗಳಿಗೆ ಶಬಾನಾ ಹಿಂದಿಯಲ್ಲಿ, "ಮೇಡಮ್, ಇದು ಒಡವೆಯಲ್ಲ, ಇವರ ದೇವರು. ಕೊರಳಿಂದ ತೆಗೆಯಂಗಿಲ್ಲ" ಎಂದು ಎಷ್ಟೋ ಹೊತ್ತು ಹೇಳಿದ ಮೇಲೆ, ಆಕೆ ಮರೆಗೆ ಕರೆದೊಯ್ದು ನೋಡಿ ಕೈಮುಗಿದು ಬಿಟ್ಟಳು. ಗಿರಿಜಕ್ಕ ಬೈದರು: "ಇನ್ನೆಷ್ಟು ಕಡೆ ಹಿಂಗೆ ನಿಲ್ಸ್ತಾರೋ! ಬೆಳ್ಳೀದನ್ನ ಪೆಟ್ಟಿಗೇಲಿಡು, ಬಟ್ಟೇಲಿ ಕಟ್ಕೊಳ್ಳೇ." ನನಗೂ ಅದೇ ಸರಿ ಅನ್ನಿಸಿತು. ಮಡಿಬಟ್ಟೆಯ ತುಂಡಿನಲ್ಲಿ ಲಿಂಗವನ್ನು ಸುತ್ತಿ ಶಿವದಾರದಿಂದ ಕೊರಳಿಗೆ ಕಟ್ಟಿಕೊಂಡೆ.

ಅಲ್ಮಾಟಿಗೆ ಹೋಗಿ ನೋಡಿದರೆ ಅಲ್ಲಿಯವರು ಆಡುವುದು ವಾಲಿಬಾಲು. ಥ್ರೋಬಾಲ್ ಎಂದರೇನೆಂದೇ ಗೊತ್ತಿಲ್ಲ. ಅವರು ಚೆಂಡನ್ನು ಹೊಡೆಯುವವರು, ನಾವು ಹಿಡಿಯುವವರು. ಒಂದು ಆಟ ಅವರ ಹಾಗೆ, ಒಂದು ಆಟ ನಮ್ಮ ಹಾಗೆ ಅಂತಾಯಿತು. ಅವರ ಆಟದಲ್ಲಿ ನಾವು ಸೋತೆವು, ನಮ್ಮ ಆಟದಲ್ಲಿ ಅವರು ನಗುತ್ತಾ ಸೋತರು. ಎಲ್ಲರೂ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡೆವು.

ಮಾರನೆಯ ದಿನ ಗುಲ್ನಾರ ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋದರು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟ. ನಮ್ಮ ಸ್ವೆಟರು ನೋಡಿ ಅಂಗಡಿಯವರು ನಕ್ಕು, ಬಾಡಿಗೆಗೆ ಹಾಸಿಗೆಯಂಥ ಕೋಟು, ಪ್ಯಾಂಟು ತೊಡಿಸಿದರು. ಹುಟ್ಟಿದ ಮೇಲೆ ಪ್ಯಾಂಟು ಹಾಕಿದ್ದು ನಾನು ಅದೇ ಮೊದಲು. ಚಿಕ್ಕ ಮಕ್ಕಳು ಕಲಿಯುವ ಇಳಿಜಾರಿನಲ್ಲಿ ನಮ್ಮನ್ನು ನಿಲ್ಲಿಸಿದ್ದೇ ತಡ, ಗಿರಿಜಕ್ಕ ಹಿಂದುಹಿಂದಕ್ಕೆ ಜಾರುತ್ತಾ, "ಲೇ ಶಬಾನಾ, ಇದ್ರ ಬ್ರೇಕ್ ಎಲ್ಲೈತೆ ಕಣೇ!" ಎಂದು ಕೂಗಿಕೊಂಡು ಹೋದರು. ಹಿಡಿಯಲು ಹೋದ ಶಬಾನಾ ನನ್ನ ಮೇಲೆ ಬಿದ್ದಳು, ನಾನು ಸ್ಕೀ ಕಲಿಸುವ ಮೇಷ್ಟ್ರ ಮೇಲೆ ಬಿದ್ದೆ. ಎಷ್ಟು ಸಲ ಉರುಳಿದೆವೋ! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು. ಮಧ್ಯಾಹ್ನ ಇಳಿದಾಗ ಬಟ್ಟೆ ವಾಪಸು ಕೊಟ್ಟು ಗುಲ್ನಾರರ ಮನೆಗೆ ಊಟಕ್ಕೆ ಹೋದೆವು.

ನಮಗೋಸ್ಕರ ಮಾಂಸ ಸೋಕಿಸದೆ ಮಾಡಿದ ಅಡುಗೆ. ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿ ದುಂಡನೆಯ ರೊಟ್ಟಿ, ಅಕ್ರೋಟು, ಒಣಹಣ್ಣು, ಹಾಲು ಹಾಕಿದ ಚಹಾ ಇಟ್ಟಿದ್ದರು. ಗುಲ್ನಾರರ ಅತ್ತೆ ತಮ್ಮ ಕೈಯಿಂದಲೇ ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟರು. ನಾನು ಅಭ್ಯಾಸದಂತೆ ಉಣ್ಣುವ ಮೊದಲು ಲಿಂಗ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಎದೆಗೆ ಕೈ ಹಾಕಿದೆ. ಹರಿದ ದಾರದ ತುದಿ ಮಾತ್ರ ಕೈಗೆ ಬಂತು. ಸ್ವೆಟರಿನ ಜಿಪ್ಪಿನ ಹಲ್ಲಿಗೆ ಸಿಕ್ಕಿ ತುಂಡಾಗಿತ್ತು.

ಕೈಲಿದ್ದ ರೊಟ್ಟಿ ಕೆಳಗಿಟ್ಟೆ.

"ಯಾಕೇ ಗೌರಿ, ಏನಾಯ್ತೇ?" ಎಂದರು ಗಿರಿಜಕ್ಕ. ಹೇಳಿದೆ. ಅವರು ತಟ್ಟನೆ ಎದ್ದು ಬಂದರು. ಮೈಯೆಲ್ಲ ತಡಕಿ ನೋಡಿದರು. ಎಲ್ಲೂ ಇಲ್ಲ. ಕಡೂರಿನಲ್ಲಿದ್ದ ನಮ್ಮ ಯಜಮಾನರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

"ಅಳ್ಬೇಡ ಕಣೇ. ಬಂದ್ಮೇಲೆ ಮಠಕ್ಕೆ ಹೋಗಿ ಬುದ್ಧಿಯವರತ್ರ ಇನ್ನೊಂದು ಕಟ್ಟಿಸ್ಕೊಂಡ್ರಾಯ್ತು. ಆಪತ್ತಲ್ಲಿ ದೋಷ ಇಲ್ಲ, ನೀರು ಕುಡಿ" ಎಂದರು ಅವರು.

"ನೀವು ಹೇಳೋದು ಸರಿ. ಗಂಟಲಿಗೆ ಇಳಿಯಲ್ವಲ್ರೀ" ಎಂದೆ.

ಶಬಾನಾ ನನ್ನ ಕೈ ಹಿಡಿದು ನಾಡಿ ನೋಡುತ್ತಾ, "ಗೌರಕ್ಕ, ಬೆಳಿಗ್ಗೆ ತಿಂದಿದ್ದು ಒಂದು ಸೇಬು. ಬಿ.ಪಿ. ಮಾತ್ರೆನೂ ತಗೊಂಡಿಲ್ಲ. ಊರು ಸೇರಕ್ಕೆ ಇನ್ನೂ ಎರಡು ದಿನ ಐತೆ. ಹಿಂಗೇ ಇದ್ರೆ ನಿನ್ನ ಆಸ್ಪತ್ರೆಗೆ ಸೇರಿಸ್ಬೇಕಾಯ್ತದೆ, ತಿಳ್ಕೋ" ಎಂದಳು. ಬೈಗುಳವೇ, ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಇಷ್ಟರಲ್ಲಿ ಗುಲ್ನಾರರ ಅತ್ತೆಯ ಮುಖ ಸಣ್ಣಗಾಗಿತ್ತು. ಮನೆಗೆ ಬಂದವರು ಒಂದು ಚೂರು ರೊಟ್ಟಿಯಾದರೂ ಬಾಯಿಗೆ ಹಾಕಿಕೊಳ್ಳದೆ ಹೊಸಿಲು ದಾಟಬಾರದೆಂಬುದು ಅವರ ರೂಢಿಯಂತೆ. ನಾನು ರೊಟ್ಟಿ ಕೆಳಗಿಟ್ಟದ್ದನ್ನು ಆ ಮುದುಕಿ ನೋಡಿಬಿಟ್ಟಿದ್ದರು. ತಮ್ಮಿಂದ ಏನು ತಪ್ಪಾಯಿತೆಂದು ಸೊಸೆಯನ್ನು ಕೇಳುತ್ತಿದ್ದರು. ಇಂಥ ಒಳ್ಳೆಯವರ ಮನಸ್ಸು ನೋಯಿಸಿದೆನಲ್ಲ ಎಂದು ನನಗೆ ಇನ್ನೂ ಸಂಕಟವಾಯಿತು. ಒಂದು ಗುಟುಕು ಚಹಾ ಕುಡಿದು ಎಲ್ಲರ ಬಾಯಿ ಮುಚ್ಚಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಬಟ್ಟಲು ತುಟಿಯವರೆಗೂ ಬಂತು. ಅಲ್ಲಿಂದ ಮುಂದೆ ಕೈ ಏಳಲಿಲ್ಲ.

ಶಬಾನಾ ಉರ್ದು ಮಾತಾಡುವವಳು. ಚಾಯ್, ನಾನ್, ದೋಸ್ತ್, ದುವಾ ಇಂಥ ಕೆಲವು ಮಾತು ಅವರಲ್ಲೂ ಇವೆ ಅಂತ ಆಗಲೇ ಕಂಡುಕೊಂಡಿದ್ದಳು. ಮುದುಕಿಯ ಪಕ್ಕ ಕೂತು ಒಂದಿಷ್ಟು ಬಾಯಲ್ಲಿ, ಒಂದಿಷ್ಟು ಕೈಯಲ್ಲಿ, ಒಂದಿಷ್ಟು ಫೋನಿಗೆ ಹೇಳಿ ಅದರಿಂದ ಅವರ ಭಾಷೆಯಲ್ಲಿ ಹೇಳಿಸಿ, ಎದೆ ಮುಟ್ಟಿ ತೋರಿಸಿ, ಬೆಟ್ಟದ ಕಡೆ ಕೈ ಮಾಡಿದಳು. ಮುದುಕಿ ನನ್ನ ಹತ್ತಿರ ಸರಿದು ಕೂತರು. ಆಮೇಲೆ ತಮ್ಮ ಕುಪ್ಪಸದೊಳಗಿಂದ ದಾರ ಎಳೆದು ಮೂರು ಮೂಲೆಯ ಒಂದು ಪುಟ್ಟ ಬೆಳ್ಳಿ ತಾಯಿತ ತೋರಿಸಿದರು. "ತುಮಾರ್" ಎಂದರು. ಅದು ಅವರ ಅಜ್ಜಿಯಿಂದ ಬಂದದ್ದಂತೆ. ನನ್ನ ಕೈಯನ್ನು ತಮ್ಮ ಎದೆಯ ಮೇಲೆ ಆ ತಾಯಿತದ ಮೇಲಿಟ್ಟುಕೊಂಡು ತಲೆ ಆಡಿಸಿದರು.

ಸೊಸೆಗೆ ಅವರು ಏನು ಹೇಳಿದರೋ, ಗುಲ್ನಾರ ಎದ್ದರು. ತಮ್ಮ ಟೀಮಿನವರಿಗೆಲ್ಲ ಫೋನು ಮಾಡಿದರು. ನಾವು ಮತ್ತೆ ಬೆಟ್ಟ ತಲುಪುವ ಹೊತ್ತಿಗೆ, ನಿನ್ನೆ ನಮ್ಮ ಎದುರು ಆಡಿದ ಹೆಂಗಸರೆಲ್ಲ ಟಾರ್ಚು ಹಿಡಿದು ನಿಂತಿದ್ದರು. ಹೊತ್ತು ಮುಳುಗುತ್ತಿತ್ತು. ಆಟ ಮುಗಿದ ಮೇಲೆ ಟ್ರ್ಯಾಕ್ಟರಿನಂಥ ದೊಡ್ಡ ಯಂತ್ರ ಬಂದು ಹಿಮವನ್ನೆಲ್ಲ ಅಗೆದು ಮಟ್ಟ ಮಾಡುತ್ತದಂತೆ. ಅದು ಹಾದುಹೋದರೆ ಮುಗಿಯಿತು, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ನನ್ನ ಲಿಂಗ ಸಿಗುವುದುಂಟೇ? ಯಂತ್ರ ಆಗಲೇ ಕೆಳಗಿಂದ ಹೊರಟಿತ್ತು. ಗುಲ್ನಾರ ಓಡಿಹೋಗಿ, ನೆಟ್ಟಿನ ಮುಂದೆ ಚೆಂಡು ತಡೆಯುವ ಹಾಗೆ ಎರಡೂ ಕೈ ಎತ್ತಿ ಅದರ ಎದುರು ನಿಂತುಬಿಟ್ಟರು. ಡ್ರೈವರು ಬೈದ. ಇವರು ಇನ್ನೂ ಜೋರಾಗಿ ಬೈದರು. ಯಂತ್ರ ನಿಂತಿತು.

ಎಲ್ಲರೂ ಸಾಲಾಗಿ ಕೈ ಕೈ ಹಿಡಿದು, ಹೆಜ್ಜೆ ಹೆಜ್ಜೆಗೂ ಬಗ್ಗಿ ನೋಡುತ್ತಾ ಇಳಿಜಾರು ಹತ್ತಿದೆವು. ಹಾಗೇ ಇಳಿದೆವು. ನಾವು ಬಿದ್ದ ಕಡೆಯೆಲ್ಲ ಕೈಯಿಂದ ಕೆದಕಿದೆವು. ಸಿಗಲಿಲ್ಲ. ಗಿರಿಜಕ್ಕನ ಬೆರಳು ಮರಗಟ್ಟಿದ್ದವು, ಆದರೂ ಕೆದಕುವುದು ಬಿಡಲಿಲ್ಲ.

ನನ್ನಿಂದ ಆಗಲಿಲ್ಲ. ಹಿಮದ ಮೇಲೆ ಕುಸಿದು ಕೂತೆ. ಆಗ ನಾನು ಕೇಳಿಕೊಂಡದ್ದನ್ನು ಮರೆಮಾಚದೆ ಬರೆಯುತ್ತೇನೆ. "ಸ್ವಾಮಿ, ದಿನಾ ಉಗುರುಬೆಚ್ಚಗಿನ ನೀರಲ್ಲಿ ನಿನಗೆ ಮಜ್ಜನ ಮಾಡಿಸಿದವಳು ನಾನು. ಈ ಕೊರೆಯೋ ಚಳೀಲಿ ನೀನೊಬ್ಬನೇ ಹೆಂಗಿರ್ತೀಯಪ್ಪಾ? ನಂಗೆ ಸಿಗದಿದ್ರೆ ಬೇಡ, ನನ್ನ ಕರ್ಮ. ಯಾವ್ದಾದ್ರೂ ಬೆಚ್ಚಗಿರೋ ಜಾಗ ಸೇರ್ಕೋ. ಅಷ್ಟು ಮಾಡು ಸಾಕು." ಅವತ್ತಿನವರೆಗೂ ನಾನು ಕೇಳಿಕೊಂಡದ್ದೆಲ್ಲ ನನಗಾಗಿ, ನನ್ನ ಮಕ್ಕಳಿಗಾಗಿ. ಸ್ವಾಮಿಗಾಗಿ ಸ್ವಾಮಿಯನ್ನೇ ಬೇಡಿಕೊಂಡದ್ದು ಅದೇ ಮೊದಲು.

ಬಟ್ಟೆ ಬಾಡಿಗೆ ಕೊಡುವ ಅಂಗಡಿಯಾಕೆ ಬಾಗಿಲು ಹಾಕಲು ಹೊರಟವರು, ನಮ್ಮ ಅವಸ್ಥೆ ನೋಡಿ, ಕೈಕಾಲಾದರೂ ಕಾಯಿಸಿಕೊಳ್ಳಿ ಬನ್ನಿ ಅಂತ ಕರೆದರು. ಮಧ್ಯಾಹ್ನ ಕೊಟ್ಟ ಬಟ್ಟೆ ಕೊಡವಿ ನೋಡಿದ್ದೆ, ಏನೂ ಬಿದ್ದಿರಲಿಲ್ಲ ಎಂದು ನಾವು ಬೆಟ್ಟಕ್ಕೆ ಬಂದಾಗಲೇ ಆಕೆ ಹೇಳಿದ್ದರಿಂದ ನಮಗೆ ಆ ಕಡೆ ಆಸೆಯೇ ಇರಲಿಲ್ಲ. ಒಳಗೆ ಒದ್ದೆ ಬಟ್ಟೆ ಒಣಗಿಸುವ ಕೋಣೆ. ಕೆಳಗಿನಿಂದ ಬಿಸಿ ಗಾಳಿ. ಮೇಲೆ ಸಾಲು ಸಾಲು ಪ್ಯಾಂಟುಗಳು ನೇತಾಡುತ್ತಿದ್ದವು. ಗಿರಿಜಕ್ಕ ಭಾರೀ ಆಳು. ಆ ಸಾಲುಗಳ ನಡುವೆ ತೂರಿಕೊಂಡು ಬೆಂಚಿನ ಮೇಲೆ ಕೂರಲು ಹೋದವರು, "ಅಯ್ಯೋ! ಏನ್ರೇ ಇದು, ಮೂತಿಗೆ ಹೊಡೀತಲ್ಲ!" ಎಂದು ಕೂಗಿದರು.

ಪಕ್ಕದಲ್ಲಿ ಒಂದು ಪ್ಯಾಂಟಿನ ಕಾಲು ಗಡಿಯಾರದ ಲೋಲಕದ ಹಾಗೆ ತೂಗಾಡುತ್ತಿತ್ತು. ಬೇರೆ ಯಾವುದೂ ಅಲ್ಲಾಡುತ್ತಿರಲಿಲ್ಲ.

ಶಬಾನಾ ಅದರ ತುದಿ ಹಿಡಿದುಕೊಂಡಳು. ಹಿಡಿದವಳು ತಕ್ಷಣ ಕೈ ಬಿಟ್ಟು ಹಿಂದೆ ಸರಿದು, "ಗೌರಕ್ಕ, ನಾನು ಮುಟ್ಟಲ್ಲ. ನೀನೇ ಬಾ" ಎಂದಳು.

ಸೊಂಟದ ಹತ್ತಿರ ಪ್ಯಾಂಟಿನ ಒಳಪದರದ ಹೊಲಿಗೆ ಬಿಟ್ಟಿತ್ತು. ಎದೆಯಿಂದ ಜಾರಿ ಅಲ್ಲಿ ನುಸುಳಿ, ಎರಡು ಪದರಗಳ ನಡುವೆ ಇಳಿದು, ಕಾಲಿನ ತುದಿಯಲ್ಲಿ ಕೂತಿತ್ತು ನನ್ನ ಲಿಂಗ. ಕತ್ತರಿ ಇಸಿದುಕೊಂಡು ತುದಿಯ ಹೊಲಿಗೆ ಬಿಚ್ಚಿದೆ. ಸುತ್ತಿದ ಬಟ್ಟೆಯೊಂದಿಗೆ ಅಂಗೈಗೆ ಬಂತು. ಬೆಚ್ಚಗಿತ್ತು! ಈಗ ತಾನೇ ಮಜ್ಜನ ಮುಗಿಸಿ ಎತ್ತಿಕೊಂಡ ಹಾಗೆ ಬೆಚ್ಚಗಿತ್ತು. ನಾವೆಲ್ಲ ಹೊರಗೆ ಹಿಮ ಕೆದಕುತ್ತಿದ್ದಷ್ಟು ಹೊತ್ತೂ ಆ ಬೆಟ್ಟದಲ್ಲೆಲ್ಲ ಬೆಚ್ಚಗಿನ ಜಾಗದಲ್ಲಿ ಸ್ವಾಮಿ ಕೂತಿದ್ದ. ನಾನು ಎದೆಗವಚಿಕೊಂಡು ಅತ್ತೆ. ಕಜಾಕಿ ಹೆಂಗಸರೂ ಅತ್ತರು. ಗಿರಿಜಕ್ಕ ಮೂತಿ ಉಜ್ಜಿಕೊಳ್ಳುತ್ತಲೇ ಅಳುತ್ತಿದ್ದರು. ಅಂಗಡಿಯಾಕೆಯ ಹತ್ತಿರ ಸೂಜಿ ದಾರ ಇಸಿದುಕೊಂಡು ಮೊದಲು ಶಿವದಾರ ಸರಿಮಾಡಿದೆ. ಆಮೇಲೆ ಆ ಪ್ಯಾಂಟಿನ ತುದಿ, ಸೊಂಟ ಎರಡನ್ನೂ ಗಟ್ಟಿಯಾಗಿ ಹೊಲಿದುಕೊಟ್ಟು ಬಂದೆ.

ಗುಲ್ನಾರರ ಮನೆಗೆ ಮರಳಿದಾಗ ನನಗೆ ಇನ್ನೊಂದು ಗೊತ್ತಾಯಿತು. ಹಾಸಿದ ಬಟ್ಟೆ ಹಾಗೇ ಇತ್ತು, ರೊಟ್ಟಿ ಹಾಗೇ ಇತ್ತು. ಮುದುಕಿ, ಗುಲ್ನಾರರ ಗಂಡ, ಮಕ್ಕಳು ಯಾರೂ ತುತ್ತು ಮುಟ್ಟಿರಲಿಲ್ಲ. ಅತಿಥಿ ಉಣ್ಣದೆ ಮನೆಯವರು ಉಣ್ಣುವುದು ಹೇಗೆ ಅಂತ ಎಲ್ಲರೂ ಉಪವಾಸ ಕೂತಿದ್ದರು. ನಾನು ಸ್ನಾನ ಮಾಡಿ, ಅವರು ಕಾಯಿಸಿ ಕೊಟ್ಟ ನೀರಲ್ಲಿ ಲಿಂಗಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಆ ಮನೆಯ ಮೂಲೆಯಲ್ಲಿ ಪೂಜೆ ಮಾಡಿದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆಮೇಲೆ ಮುದುಕಿ ಮುರಿದುಕೊಟ್ಟ ರೊಟ್ಟಿ ಬಾಯಿಗಿಟ್ಟುಕೊಂಡೆ. ಆಕೆ ಉಸ್ಸಪ್ಪಾ ಎಂದು ಗೋಡೆಗೊರಗಿ ತಮ್ಮ ಚಹಾ ಎತ್ತಿಕೊಂಡರು.

ಊರಿಗೆ ಬಂದ ಮೇಲೆ ಮಠಕ್ಕೆ ಹೋಗಿ ನಡೆದದ್ದನ್ನೆಲ್ಲ ಬುದ್ಧಿಯವರ ಪಾದದ ಹತ್ತಿರ ಅರಿಕೆ ಮಾಡಿಕೊಂಡೆ. ಆ ಬಟ್ಟಲು ಚಹಾ ಕುಡಿದುಬಿಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಬೆಟ್ಟಕ್ಕೂ ಹೋಗುತ್ತಿರಲಿಲ್ಲ. ಕೈ ತಡೆದವನು ಸ್ವಾಮಿಯೇ ಎಂದೆ. ಅವರು ಒಂದೇ ಮಾತು ಕೇಳಿದರು: "ಆ ಮನೆ ಮಕ್ಕಳು ಆಮೇಲೆ ಉಂಡ್ವಾ ತಾಯಿ?"

"ಉಂಡ್ವು ಬುದ್ಧಿ, ಹೊಟ್ಟೆ ತುಂಬ ಉಂಡ್ವು" ಎಂದೆ. ಅವರು ಕಣ್ಣು ಮುಚ್ಚಿ ಕೈ ಜೋಡಿಸಿದರು.

ಶರಣರೇ, ನಂಬಿದವರ ಕೈ ಅವನು ಬಿಡುವುದಿಲ್ಲ. ಇದು ನಾನು ಕಂಡುಂಡ ಮಾತು. ಈಗ ಬೆಳಿಗ್ಗೆ ಪೂಜೆ ಮುಗಿಸಿ ನಮ್ಮ ಮನೆಯವರ ಹೆಸರು ಹೇಳಿ ಬೇಡಿಕೊಳ್ಳುವಾಗ, ದೂರದ ಹಿಮದೂರಿನ ಆ ಮನೆಯವರ ಹೆಸರನ್ನೂ ಒಬ್ಬೊಬ್ಬರದಾಗಿ ಹೇಳುತ್ತೇನೆ. ಅಲ್ಲಿಯವರೆಗೂ ನೀರು ಮುಟ್ಟುವುದಿಲ್ಲ.