ಡಿಕ್ಕಿಯೊಳಗಿನ ಹೆಬ್ಬೆಟ್ಟು

ವಾಂಡಾ ಸ್ಟಾಹುರಾಳ ಮಗ ಡಗ್ಲಸ್ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನ ವಿಷಯದಲ್ಲಿ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು. ಪ್ರೀತಿಯಿಂದಲೇ ಹಾಳುಮಾಡಿದವನನ್ನು ಏನು ಮಾಡುವುದು?

ನಾನು ಲೆಸ್ಟರ್ ಪ್ರುಯಿಟ್, ಎಲ್ಲರ ಬಾಯಲ್ಲಿ ಲೆಸ್. ಅಮೆರಿಕದ ಕಾರು ಕಾರ್ಖಾನೆಗಳ ಊರಾದ ಫ್ಲಿಂಟ್‌ನಲ್ಲಿ ಹಳೆಯ ಕಾರುಗಳಿಗೆ ಬಣ್ಣ ಹೊಡೆಯುವುದು ನನ್ನ ಕಸುಬು. ಕಣ್ಣು ಕುಕ್ಕುವ ಬಣ್ಣವಲ್ಲ, ಆ ಕಾರು ಕಾರ್ಖಾನೆಯ ಗೇಟು ದಾಟಿದ ದಿನ ಇದ್ದ ಬಣ್ಣ. ಆಗೆಲ್ಲ ಹೊರಮೈಯನ್ನಷ್ಟೇ ಉಜ್ಜಿ ಮಿರುಗಿಸುತ್ತಿದ್ದರು. ಬಾಗಿಲ ಸಂದಿಗೆ, ಡಿಕ್ಕಿಯ ಒಳಮೈಗೆ ತೆಳ್ಳಗೆ ಒಂದು ಕೈ ಎರಚಿ ಮುಂದೆ ತಳ್ಳುತ್ತಿದ್ದರು. ಅಲ್ಲಿ ಕಿತ್ತಳೆ ಸಿಪ್ಪೆಯಂಥ ತರಿ ಇರಬೇಕು, ಬಣ್ಣ ಮಂಕಾಗಿರಬೇಕು. ಹಳೇ ಕಾರುಗಳ ಪ್ರದರ್ಶನದ ತೀರ್ಪುಗಾರರು ಟಾರ್ಚು ಹಿಡಿದು ಬಗ್ಗಿ ನೋಡುವುದು ಅದನ್ನೇ. ಇರಬೇಕಾದ್ದಕ್ಕಿಂತ ಚೆಂದ ಕಂಡರೆ ಅಂಕ ಕತ್ತರಿಸುತ್ತಾರೆ. ಹಾಗಾಗಿ ಕೆಟ್ಟದ್ದನ್ನು ಸರಿಯಾಗಿ ಕೆಟ್ಟದಾಗಿಯೇ ಮಾಡಿಕೊಡುವುದರಲ್ಲಿ ನನ್ನ ಅನ್ನವಿದೆ.

ಈ ಕೆಲಸ ಕಲಿತದ್ದು ವಾಂಡಾಳ ಪಕ್ಕದಲ್ಲಿ ನಿಂತು. ನಾನು ಇಲ್ಲಿನ ಕಾರ್ಖಾನೆಯ ಬಣ್ಣದ ಸಾಲಿಗೆ ಸೇರಿದಾಗ ಆಕೆ ಅಲ್ಲಿ ಹಳಬಳು. ಬಕೆಟ್ಟಿನ ನೀರಿಗೆ ವಾಟರ್ ಪೇಪರ್ ಎಂಬ ಉಪ್ಪುಕಾಗದ ಅದ್ದಿ ಕಾರಿನ ಮೈ ಉಜ್ಜುವುದು ಆಕೆಯ ಕೆಲಸ. ಬರಿಗೈಯಲ್ಲೇ ಉಜ್ಜಬೇಕು. ಕೈಗವಸು ಹಾಕಿದರೆ ತರಿ ಗೊತ್ತಾಗುವುದಿಲ್ಲ ಎಂದು ಮೇಸ್ತ್ರಿ ಕೂಗಾಡುತ್ತಿದ್ದ. ಪೇಪರು ಕಾರನ್ನು ಉಜ್ಜಿದಷ್ಟೇ ಬೆರಳನ್ನೂ ಉಜ್ಜುತ್ತಿತ್ತು, ಸಂಜೆ ಅದರ ಮೇಲೆ ಥಿನ್ನರ್ ಸುರಿದು ಕೈ ತೊಳೆಯಬೇಕು. ಯೂನಿಯನ್ ಸಭೆಯಲ್ಲಿ ಮೇಜು ಗುದ್ದಿ ಕೈಗವಸು ತರಿಸಿದವಳೂ ವಾಂಡಾಳೇ. ಅದು ನಮ್ಮಂಥ ಹೊಸಬರ ಕೈ ಉಳಿಸಿತು, ಆಕೆಯ ಬೆರಳುಗಳ ಕಥೆ ಅಷ್ಟರಲ್ಲಿ ಮುಗಿದಿತ್ತು.

ಎಷ್ಟು ಮುಗಿದಿತ್ತು ಎನ್ನುವುದು ತಿಳಿದದ್ದು ಕಾರ್ಖಾನೆ ಮುಚ್ಚಿದ ಮೇಲೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಕೇಳಿದಳು. ಮಕ್ಕಳಿರುವ ಜಾಗ, ಪೊಲೀಸರ ಹತ್ತಿರ ಹೋಗಿ ಬೆರಳಚ್ಚು ಕೊಟ್ಟು ಬನ್ನಿ ಎಂದರು. ಹತ್ತು ಬೆರಳಿಗೂ ಮಸಿ ಬಳಿದು ಒತ್ತಿಸಿದರೆ ಹತ್ತು ಕಪ್ಪು ಬೊಟ್ಟು, ಗೆರೆಯೇ ಇಲ್ಲ.

"ಕೈ ತೊಳ್ಕೊಂಡು ಬನ್ನಿ ಅಮ್ಮ" ಅಂದನಂತೆ ಅಲ್ಲಿದ್ದ ಪೊಲೀಸ್.

"ಇಷ್ಟು ವರ್ಷ ಅದನ್ನೇ ಕಣಪ್ಪ ಮಾಡಿದ್ದು" ಅಂದು ಎದ್ದು ಬಂದಳು.

ಮನೆಗೆ ಬಂದವಳೇ ಕಾರಿನ ಡಿಕ್ಕಿ ತೆರೆದು ನೋಡುತ್ತಾ ನಿಂತಳು. ಅಲ್ಲಿ ಆಕೆಯ ಹೆಬ್ಬೆಟ್ಟಿತ್ತು.

ಅದು ಹೇಗೆ ಬಂತೆಂದರೆ, ನಮ್ಮಲ್ಲಿ ಕೆಲಸದವರು ತಮಗೇ ಒಂದು ಕಾರು ಬುಕ್ ಮಾಡಿಸಿದರೆ ಆ ಸುದ್ದಿ ಕಾರಿಗಿಂತ ಮೊದಲು ಸಾಲಿನುದ್ದಕ್ಕೂ ಬರುತ್ತಿತ್ತು. ಒಬ್ಬ ಶಿಳ್ಳೆ ಹೊಡೆದರೆ ಮುಂದಿನವನಿಗೆ ಗೊತ್ತು, ಬರುತ್ತಿರುವುದು ನಮ್ಮವರ ಕಾರು. ಒಬ್ಬ ನಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡುವನು, ಇನ್ನೊಬ್ಬ ಸೀಟಿನಡಿ ಪೋಲಿ ಮಾತು ಬರೆಯುವನು. ವಾಂಡಾಳ ಗಂಡ ಕ್ಯಾಝ್ ಮದುವೆಗೆ ಮುಂಚೆ ಬುಕ್ ಮಾಡಿಸಿದ ತಿಳಿಹಸಿರು ಕಾರು ಸಾಲಿಗೆ ಬಂದಾಗ ವಾಂಡಾ ಕೆಲಸಕ್ಕೆ ಸೇರಿ ಒಂದು ವಾರವೂ ಆಗಿರಲಿಲ್ಲ. ಎರಡು ಸಾಲು ದಾಟಿ ಓಡಿ ಬಂದು, ಡಿಕ್ಕಿಯ ಮುಚ್ಚಳದ ಒಳಗೆ ಹಸಿ ಬಣ್ಣಕ್ಕೆ ಹೆಬ್ಬೆಟ್ಟು ಒತ್ತಿ ಓಡಿ ಹೋದಳು. ಅಲ್ಲಿ ಯಾರೂ ಉಜ್ಜುವುದಿಲ್ಲವಲ್ಲ, ಗುರುತು ಹಾಗೇ ಉಳಿಯಿತು. ಗೆರೆ ಗೆರೆಯೂ ಎಣಿಸುವ ಹಾಗೆ.

ಪೊಲೀಸರ ಹತ್ತಿರ ಹೋಗಿಬಂದ ದಿನ ಕ್ಯಾಝ್ ಹೆಂಡತಿಯನ್ನು ಛೇಡಿಸಿದ. "ನೋಡೇ, ನೀನ್ಯಾರು ಅಂತ ಈ ಕಾರಿಗೆ ಮಾತ್ರ ಗೊತ್ತು. ಕಾರು ನನ್ನದು, ನನ್ನ ಜೊತೆ ಹುಷಾರಾಗಿರು." ಅವನು ಸತ್ತ ಮೇಲೆ ಆಕೆ ಕಾರು ಓಡಿಸಲಿಲ್ಲ. ಭಾನುವಾರ ಚರ್ಚಿನಿಂದ ಬಂದು ಡಿಕ್ಕಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು.

ಹೋದ ಚಳಿಗಾಲ ಮಂಜಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಅಮ್ಮ ಮನೆಗೆ ಬರುವ ಹೊತ್ತಿಗೆ ಕಾರು ಹೊಸದಾಗಿರಲಿ ಎಂದು ಡಗ್ಲಸ್ ಅದನ್ನು ಬೇರೆ ಊರಿನ ಅಂಗಡಿಗೆ ಕೊಟ್ಟ. ಅವರು ಬಣ್ಣವನ್ನೆಲ್ಲ ತಗಡಿನವರೆಗೆ ಕೆರೆದು, ಮೇಲೆ ಗಾಜಿನಂಥ ಹೊಳಪು ಬಳಿದು ಕೊಟ್ಟರು. ಅಪ್ಪನ ಹೆಸರಿನಲ್ಲಿ ಒಂದು ಬಹುಮಾನ ಗೆದ್ದುಬಿಡೋಣ ಎಂದು ಇವನು ಪ್ರದರ್ಶನಕ್ಕೂ ಒಯ್ದ. ಕಾರ್ಖಾನೆಯ ಬಣ್ಣ ಹೀಗಿರಲಿಲ್ಲ ಎಂದು ತೀರ್ಪುಗಾರರು ಅಂಕ ಕತ್ತರಿಸಿದರು. ಆಗ ಅವನಿಗೆ ನನ್ನ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವನು ಕಾರು ತಂದು ನಿಲ್ಲಿಸಿದಾಗ ನಾನು ನೇರ ಹೋಗಿ ಡಿಕ್ಕಿ ತೆರೆದೆ. ಮುಚ್ಚಳದ ಒಳಗೆ ನನ್ನ ಮುಖ ಕಂಡಿತು, ಅಷ್ಟು ಹೊಳಪು.

"ಎಲ್ಲೋ ಅದು?" ಅಂದೆ.

"ಯಾವುದು? ಓ, ಆ ಗುರುತಾ. ಅದನ್ನ ಅವರು ದುಡ್ಡಿಲ್ದೇ ಸರಿಮಾಡಿಕೊಟ್ರು."

ಮೈಯೆಲ್ಲ ಉರಿದುಹೋಯಿತು. ನಲವತ್ತು ದಾಟಿದ ಗಂಡಸನ್ನು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. "ಆ ಕಥೆ ಎಷ್ಟು ಸಲ ಕೇಳಿದ್ದೀಯೋ ನೀನು? ಹೋಗು, ನಿಮ್ಮಮ್ಮನ್ನ ಕರ್ಕೊಂಡು ಬಾ. ನೀನೇ ಹೇಳು. ನಾನು ಹೇಳಲ್ಲ" ಅಂದೆ.

ವಾಂಡಾ ಕೋಲೂರಿಕೊಂಡು ಬಂದಳು. ಮಗ ಎಲ್ಲ ಹೇಳಿ ಮುಗಿಸಿದ. ಆಮೇಲೆ ಆಕೆ ಕೋಲಿನ ಕಬ್ಬಿಣದ ತುದಿಯನ್ನು ಆ ಗಾಜಿನಂಥ ಬಣ್ಣಕ್ಕೆ ಒತ್ತಿ, ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲವರೆಗೆ ಎಳೆದಳು. ಆ ಸದ್ದಿಗೆ ಹಲ್ಲು ಜುಂ ಎಂದಿತು.

"ಅಮ್ಮ, ಏನು ಮಾಡ್ತಿದೀಯ ನೀನು?"

"ನೀನು ಮಾಡಿದ್ದನ್ನೇ. ಸರಿಮಾಡ್ತಾ ಇದೀನಿ."

"ಅಮ್ಮ, ಕೇಳು. ಲೆಸ್ ಹಳೇ ಥರಾನೇ ಬಣ್ಣ ಹೊಡೀತಾರೆ. ನೀನು ಮತ್ತೆ ಒತ್ತು. ಅದೇ ಕಾರು, ಅದೇ ಬಣ್ಣ, ಅದೇ ಹೆಬ್ಬೆಟ್ಟು. ಏನು ವ್ಯತ್ಯಾಸ?"

ನಮ್ಮ ಈ ಹಳೇ ಕಾರಿನ ಹುಚ್ಚಿನವರ ರೋಗವೇ ಇದು. ಮೊದಲು ಕೆರೆಯುತ್ತಾರೆ, ಕೆರೆದದ್ದನ್ನು ಮತ್ತೆ ಮಾಡಿಸುತ್ತಾರೆ, ಮಾಡಿಸಿದ್ದನ್ನು ಅಸಲಿ ಎನ್ನುತ್ತಾರೆ. ನಾನು ಇದೇ ರೋಗದ ದುಡ್ಡಿನಲ್ಲಿ ಮನೆ ಕಟ್ಟಿದವನು, ಆದರೂ ಆ ದಿನ ಕೇಳಿದಾಗ ಹೇಸಿಗೆಯಾಯಿತು. ವಾಂಡಾ ನನ್ನತ್ತ ತಿರುಗಿದಳು.

"ಹೊಡಿ ಲೆಸ್. ಸರಿಯಾಗಿ ಹೊಡಿ. ಅವನು ನೋಡಲಿ."

ಹೊಡೆದೆ. ಹಳೆಯ ಕಾಲದ ಲ್ಯಾಕರ್ ಬಣ್ಣ ಹುಡುಕಿ ತರಿಸಿ, ಹೊರಮೈ ಕೈಯಾರೆ ಉಜ್ಜಿ, ಬಾಗಿಲ ಸಂದಿ ಮಂಕಾಗಿ ಬಿಟ್ಟು, ಕೊನೆಗೆ ಡಿಕ್ಕಿಯ ಮುಚ್ಚಳ ಉಳಿಸಿಕೊಂಡೆ. ತಾಯಿ ಮಗ ಇಬ್ಬರನ್ನೂ ಕರೆದು, ಅವರ ಎದುರಿಗೇ ಒಂದು ಕೈ ಎರಚಿದೆ. ಲ್ಯಾಕರ್ ಬೇಗ ಒಣಗುತ್ತದೆ.

"ಈಗ ಒತ್ತಿ, ವಾಂಡಾ" ಅಂದೆ.

ಕೋಲನ್ನು ಕಾರಿಗೆ ಒರಗಿಸಿ, ಹೆಬ್ಬೆಟ್ಟನ್ನು ಲಂಗಕ್ಕೆ ಒರೆಸಿಕೊಂಡು, ಹಳೆಯ ಜಾಗವನ್ನೇ ಹುಡುಕಿ ಒತ್ತಿದಳು. ತೆಗೆದಳು. ಹಸಿ ಬಣ್ಣದಲ್ಲಿ ಒಂದು ನುಣ್ಣನೆಯ ಕುಳಿ. ಚಮಚದ ಬೆನ್ನು ಒತ್ತಿದಂತೆ, ಗೆರೆ ಒಂದೂ ಇಲ್ಲ. ಹೀಗಾಗುತ್ತದೆ ಎಂದು ಗೊತ್ತಿದ್ದೂ ನನಗೆ ನೋಡಲಾಗಲಿಲ್ಲ.

"ಸ್ವಲ್ಪ ಜೋರಾಗಿ ಒತ್ತಮ್ಮ" ಅಂದ ಡಗ್ಲಸ್.

"ಜೋರಿನ ಪ್ರಶ್ನೆ ಅಲ್ಲ ಕಣೋ."

ಬಣ್ಣ ಗಟ್ಟಿಯಾಗುತ್ತಿತ್ತು. ಅವನಿಗೆ ಈಗ ಅರ್ಥವಾಗುತ್ತಿತ್ತು ಅನ್ನಿಸುತ್ತದೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ಲೆಸ್, ಬೇಗ ನಿಮ್ಮದೇ ಹೆಬ್ಬೆಟ್ಟು ಒತ್ತಿಬಿಡಿ. ನಿಮಗೆ ಗೆರೆ ಇದಾವಲ್ಲ. ಪ್ರದರ್ಶನದಲ್ಲಿ ಯಾರಿಗೆ ಗೊತ್ತಾಗುತ್ತೆ?"

ನನಗೆ ಗೆರೆಗಳಿದ್ದವು. ಅವನ್ನು ಉಳಿಸಿಕೊಟ್ಟವಳು ಪಕ್ಕದಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಬಣ್ಣ ಎರಚುವ ಗನ್ನನ್ನು ಅವನ ಮೇಲೆ ಎಸೆಯದೆ ಕೆಳಗಿಟ್ಟದ್ದು ಹೇಗೋ ಗೊತ್ತಿಲ್ಲ.

"ಯಾರೂ ಮುಟ್ಟಬೇಡಿ" ಅಂದಳು ವಾಂಡಾ. ಮಗನ ಕೈ ಹಿಡಿದೆಳೆದು, ತನ್ನ ಹೆಬ್ಬೆಟ್ಟನ್ನು ಅವನ ಅಂಗೈಯಲ್ಲಿ ಒತ್ತಿ ಒಂದು ಸಲ ತಿಕ್ಕಿದಳು. ಹಸಿರು ಬಣ್ಣ ಅವನ ಕೈಗೂ ಮೆತ್ತಿತು.

"ಗೊತ್ತಾಯ್ತಾ, ಎಷ್ಟು ನುಣುಪಾಗಿದೆ? ನಿನಗೆ ಫ್ಯಾಕ್ಟರಿ ಮಾಡಿದ್ದೇ ಬೇಕು ಅಂತಿದ್ದೆಯಲ್ಲ, ಇದು ಫ್ಯಾಕ್ಟರಿ ಮಾಡಿದ್ದು. ತೀರ್ಪುಗಾರರು ಕೇಳಿದ್ರೆ ಹಾಗಂತಾನೇ ಹೇಳು."